84 ದಿನಕ್ಕೊಂದು ರೀಚಾರ್ಜ್

ಚಂದ್ರಗುತ್ತಿಯಲ್ಲಿ ನಮ್ಮ ಮನೆಯಿಂದ ಮೂರನೇ ಮನೆ ದೊಡ್ಡಮ್ಮನದು. ಸ್ವಂತ ದೊಡ್ಡಮ್ಮ ಅಲ್ಲ, ಚಿಕ್ಕಂದಿನಿಂದ ಹಾಗೆ ಕರೆದು ಅಭ್ಯಾಸ. 84 ದಿನಕ್ಕೊಮ್ಮೆ ಅವರು ಹಾಸ್ಟೆಲ್‌ಗೆ ಫೋನ್ ಮಾಡಿ, 'ತಮ್ಮಾ, ಅವರ ನಂಬರಿಗೆ ಕರೆನ್ಸಿ ಹಾಕೋ' ಅನ್ನುತ್ತಾರೆ. ಹಾಕುತ್ತೇನೆ. ರಜೆಗೆ ಊರಿಗೆ ಹೋದಾಗ ಲೆಕ್ಕ ಹಿಡಿದು ದುಡ್ಡು ಕೊಡುತ್ತಾರೆ. ಆ ನಂಬರ್ ಸ್ವಿಚ್ ಆಫ್ ಆಗಿ ಐದು ವರ್ಷವಾಯಿತು.

ದೊಡ್ಡಪ್ಪ ಆ ವರ್ಷ ಶುಂಠಿ ಹಾಕಿ ಕೈ ಸುಟ್ಟುಕೊಂಡಿದ್ದರು. ಒಂದು ಬೆಳಿಗ್ಗೆ ಶಿರಸಿ ಬಸ್ಸು ಹತ್ತಿದ್ದನ್ನು ನೋಡಿದವರಿದ್ದಾರೆ, ಇಳಿದದ್ದನ್ನು ನೋಡಿದವರಿಲ್ಲ. ದೂರು ಕೊಟ್ಟಾಯಿತು. ಪೇಪರಿನಲ್ಲಿ ಫೋಟೊ ಬಂತು: ಗೋಧಿ ಮೈಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು, ಕನ್ನಡ ಮಾತನಾಡುತ್ತಾರೆ. ಇಷ್ಟೇ ಗುರುತು ಹಿಡಿದು ಹುಡುಕಿದರೆ ನಮ್ಮ ತಾಲ್ಲೂಕಿನ ಅರ್ಧ ಗಂಡಸರು ಸಿಗುತ್ತಾರೆ!

ರೀಚಾರ್ಜ್ ನಿಲ್ಲಿಸಬಹುದಲ್ಲ ಎಂದು ಒಮ್ಮೆ ಕೇಳಿದ್ದೆ. ಕಡಿತವಾದ ನಂಬರನ್ನು 90 ದಿನದ ನಂತರ ಬೇರೆಯವರಿಗೆ ಕೊಡಬಹುದು ಎಂಬ ನಿಯಮ ಅವರಿಗೆ ಯಾರೋ ಹೇಳಿದ್ದರು. 'ನಾಳೆ ನಾನು ಫೋನ್ ಮಾಡ್ದಾಗ ಬೇರೆ ಯಾರೋ ಹಲೋ ಅಂದ್ರೆ?' ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಮಲ್ಪೆಯ 'ಸುವರ್ಣ ತ್ರಿಭುಜ' ದೋಣಿ ನೆನಪಿರಬಹುದು. 2018ರ ಡಿಸೆಂಬರ್ 13ರಂದು ಉಡುಪಿ ಮತ್ತು ಉತ್ತರ ಕನ್ನಡದ ಏಳು ಮೀನುಗಾರರನ್ನು ಹೊತ್ತು ಹೊರಟ ದೋಣಿ ಎರಡೇ ದಿನದಲ್ಲಿ ಸಂಪರ್ಕ ಕಳೆದುಕೊಂಡಿತು. ಜನವರಿಯಲ್ಲಿ ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿ ತಡೆದರು. ಕೊನೆಗೆ ಮೇ ತಿಂಗಳಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣ್ ಬಳಿ ಕಡಲ ತಳದಲ್ಲಿ ಅದರ ಅವಶೇಷ ಪತ್ತೆ ಮಾಡಿತು. ದೋಣಿ ಸಿಕ್ಕಿತು, ಏಳು ಜನ ಸಿಗಲಿಲ್ಲ. ಇಡೀ ಕರಾವಳಿ ಬೀದಿಗಿಳಿದು ಕೇಳಿದ್ದಕ್ಕೇ ಸಿಕ್ಕ ಉತ್ತರ ಇಷ್ಟು. ಶಿರಸಿ ಬಸ್ಸು ಹತ್ತಿದ ಒಬ್ಬ ರೈತನಿಗಾಗಿ ಯಾವ ಹೆದ್ದಾರಿಯನ್ನು ಯಾರು ತಡೆಯುತ್ತಾರೆ?

ಕಾನೂನಿನ ಪ್ರಕಾರ ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ ವ್ಯಕ್ತಿ ಸತ್ತಿದ್ದಾನೆಂದು ಭಾವಿಸಬಹುದು. ಹಳೆಯ ಸಾಕ್ಷ್ಯ ಕಾಯ್ದೆಯ 108ನೇ ಕಲಂನಲ್ಲಿದ್ದ ಮಾತು 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 111ನೇ ಕಲಂ ಆಗಿ ಕೂತಿದೆ. ನಂಬರ್ ಬದಲಾಯಿತು, ಏಳು ವರ್ಷ ಬದಲಾಗಲಿಲ್ಲ. ಏಳು ತುಂಬಿದ ತಕ್ಷಣ ಮರಣ ಪ್ರಮಾಣಪತ್ರ ಮನೆಗೆ ಬರುವುದೂ ಇಲ್ಲ, ಕೋರ್ಟಿಗೆ ಹೋಗಿ ಘೋಷಣೆ ಪಡೆಯಬೇಕು. ಅಲ್ಲಿಯವರೆಗೆ ಪಹಣಿ ದೊಡ್ಡಪ್ಪನ ಹೆಸರಿನಲ್ಲೇ. ಪೌತಿ ಖಾತೆ ಆಗದು, ಏಕೆಂದರೆ ಅವರು ಸತ್ತಿಲ್ಲ. ಬೆಳೆಸಾಲಕ್ಕೆ ಸಹಿ ಹಾಕಲಾಗದು, ಏಕೆಂದರೆ ಅವರು ಇಲ್ಲ. ವಿಧವಾ ವೇತನದ ಮಾತೆತ್ತುವಂತೆಯೇ ಇಲ್ಲ. ಮದುವೆ ಮನೆಗಳಲ್ಲಿ ಕುಂಕುಮ ಕೊಡುವವರು ಅವರ ಮುಂದೆ ಒಂದು ಕ್ಷಣ ತಡೆಯುತ್ತಾರೆ. ನಾನೇ ನೋಡಿದ್ದೇನೆ.

ಕೇಂದ್ರ ಸರ್ಕಾರಿ ನೌಕರ ನಾಪತ್ತೆಯಾದರೆ, ದೂರು ದಾಖಲಾಗಿ ಆರು ತಿಂಗಳಾದ ಮೇಲೆ ಅವನ ಮನೆಯವರಿಗೆ ಕುಟುಂಬ ಪಿಂಚಣಿ ಕೊಡಬಹುದು. ಆತ ಮರಳಿ ಬಂದರೆ ಹಣ ಹಿಂತಿರುಗಿಸುವುದಾಗಿ ಬಾಂಡ್ ಬರೆದುಕೊಟ್ಟರಾಯಿತು. ಒಳ್ಳೆಯ ನಿಯಮ. ನನ್ನ ತಕರಾರು ಇಷ್ಟೇ: ಅಂಥದೇ ಬಾಂಡ್ ಬರೆಸಿಕೊಂಡು ರೈತನ ಹೆಂಡತಿಗೂ ಮಾಸಿಕ ವೇತನ, ಗಂಡನ ಜಮೀನಿನ ಮೇಲೆ ಸಾಲ ಯಾಕೆ ಕೊಡಬಾರದು? ನೌಕರನ ಮನೆಯ ಹಸಿವಿಗೆ ಆರು ತಿಂಗಳು, ರೈತನ ಮನೆಯ ಹಸಿವಿಗೆ ಏಳು ವರ್ಷ ಎಂಬ ಲೆಕ್ಕ ನನಗೆ ಅರ್ಥವಾಗುತ್ತಿಲ್ಲ. ಎಂಜಿನಿಯರಿಂಗ್ ಗಣಿತ ಮೂರು ಸೆಮಿಸ್ಟರ್ ಓದಿದ ಮೇಲೂ!

ನಾವೂ ಸಾಚಾಗಳಲ್ಲ. 'ಕಾಣೆಯಾಗಿದ್ದಾರೆ' ಪೋಸ್ಟನ್ನು ಸ್ಟೇಟಸ್‌ಗೆ ಹಾಕುತ್ತೇವೆ, 24 ಗಂಟೆಯಲ್ಲಿ ಅದು ತಾನೇ ಅಳಿಯುತ್ತದೆ. ಸಿಕ್ಕರಾ ಎಂದು ನಾನಂತೂ ಒಮ್ಮೆಯೂ ವಿಚಾರಿಸಿಲ್ಲ.

ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರು ಸಿಗುತ್ತಾರೆ ಎಂದು ಇತ್ತೀಚೆಗೆ ತಿಳಿಯಿತು. ಕಳೆದ ರಜೆಯಲ್ಲಿ ದೊಡ್ಡಮ್ಮನಿಗೆ ಹೇಳಿದೆ, ಇನ್ನೆರಡು ವರ್ಷಕ್ಕೆ ಸೊರಬದ ಕೋರ್ಟಿಗೆ ಅರ್ಜಿ ಹಾಕೋಣ, ನಾನೇ ಜೊತೆಗೆ ಬರುತ್ತೇನೆ ಎಂದೆ. ಅವರು ಅಡಿಕೆ ಸುಲಿಯುತ್ತಿದ್ದವರು ಕೈ ನಿಲ್ಲಿಸಿ, 'ಅವರು ಇಲ್ಲ ಅಂತ ಅಲ್ಲಿ ನಾನೇ ಹೇಳ್ಬೇಕೇನೋ?' ಎಂದು ಕೇಳಿದರು.

ಹೌದು ಅನ್ನಲು ಬಾಯಿ ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಒಳಗೆ ಹೋಗಿ, ರೀಚಾರ್ಜಿನ ದುಡ್ಡು ಎಣಿಸಿ ತಂದುಕೊಟ್ಟರು.