ಹಳದಿ ಬಣ್ಣ ನೋಡಿ ಏನ್ ಮಾಡೋದು ಸ್ವಾಮಿ?

"ಮುಳುಗೋದು ಬೆಳ್ಳಂದೂರು, ನಮ್ಮ ಬಸವನಗುಡಿಗೇನೂ ಆಗಲ್ಲ" ಅನ್ನೋ ಮಾತು ಗಾಂಧಿಬಜಾರಿನಲ್ಲಿ ಪ್ರತಿ ಮಳೆಗಾಲವೂ ಕಿವಿಗೆ ಬೀಳುತ್ತೆ. ಐಟಿಯವರು ಕೆರೆ ಮೇಲೆ ಮನೆ ಕಟ್ಟಿಕೊಂಡರು, ಅನುಭವಿಸಲಿ ಅನ್ನೋ ಧಾಟಿ. ಸರಿ, ಹಳೇ ಬೆಂಗಳೂರು ಯಾವುದರ ಮೇಲಿದೆ? ಮೆಜೆಸ್ಟಿಕ್ ಬಸ್ ನಿಲ್ದಾಣ ಇರೋ ಜಾಗ ಧರ್ಮಾಂಬುಧಿ ಕೆರೆ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆ. ಬಸವನಗುಡಿ ದಿಬ್ಬದ ಮೇಲಿದೆ ನಿಜ. ಆದರೆ ನಮ್ಮ ತಾರಸಿಯ ನೀರು ಇಳಿಜಾರು ಹಿಡಿದು ಇನ್ನೊಬ್ಬರ ಬಾಗಿಲಿಗೆ ಹೋಗುತ್ತೆ. ನಾವೂ ದಿನಾ ಯಾವುದೋ ಅಂಡರ್‌ಪಾಸ್ ಇಳಿದೇ ಕೆಲಸಕ್ಕೆ ಹೋಗಬೇಕು.

2023ರ ಮೇ 21ರಂದು ಕೆ.ಆರ್. ಸರ್ಕಲ್ಲಿನಲ್ಲಿ ಆಗಿದ್ದು ಅದೇ. ವಿಧಾನಸೌಧಕ್ಕೆ ಕೂಗಳತೆ ದೂರ, ಮಧ್ಯಾಹ್ನದ ಒಂದು ಮಳೆ. ಅಂಡರ್‌ಪಾಸಿನಲ್ಲಿ ತುಂಬಿದ ನೀರಿಗೆ ಕಾರು ಸಿಕ್ಕಿ, ಮನೆಯವರ ಜೊತೆ ಹೊರಟಿದ್ದ 22 ವರ್ಷದ ಹುಡುಗಿ ತೀರಿಕೊಂಡಳು. ನನ್ನದೇ ವೃತ್ತಿಯವಳು. ಡ್ರೈವರ್ ಯಾಕೆ ನುಗ್ಗಿದ ಅಂತ ಎಲ್ಲರೂ ಕೇಳಿದರು. ಕೇಳಬೇಕಾದ್ದೇ. ಆದರೆ ಅಷ್ಟು ನೀರು ತುಂಬಿದ ಗುಂಡಿಯ ಬಾಯಿ ಯಾಕೆ ತೆರೆದಿತ್ತು?

ನಮ್ಮೂರ ಕಡೆ "ಹಳ್ಳ ಬಂದಿದೆ" ಅಂದರೆ ಮುಗೀತು. ಬಸ್ಸು ಈಚೆ ದಡದಲ್ಲೇ ನಿಲ್ಲುತ್ತೆ, ಮದುವೆ ದಿಬ್ಬಣವಾದರೂ ಕಾಯುತ್ತೆ. ಎಲ್ಲಿ, ಯಾವಾಗ, ಏನು ಮಾಡಬೇಕು ಅನ್ನೋದೆಲ್ಲ ಆ ಎರಡೇ ಪದದಲ್ಲಿದೆ. ನಗರದ ಎಚ್ಚರಿಕೆಯಲ್ಲಿ ಏನಿದೆ? "ಬೆಂಗಳೂರು ನಗರ ಜಿಲ್ಲೆ, ಹಳದಿ ಅಲರ್ಟ್." ಹವಾಮಾನ ಇಲಾಖೆಯ ಲೆಕ್ಕದಲ್ಲಿ ಹಳದಿ ಅಂದರೆ ಗಮನಿಸ್ತಾ ಇರಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಕ್ರಮ ತಗೊಳ್ಳಿ. 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ಅದು ಭಾರಿ ಮಳೆ. ಚಾಮರಾಜಪೇಟೆಯ ಆಟೋದವರಿಗೆ ಬೇಕಿರೋದು ಇಡೀ ಜಿಲ್ಲೆಯ, ಇಡೀ ದಿನದ ಲೆಕ್ಕವಲ್ಲ. ಮುಂದಿನ ಅರ್ಧ ಗಂಟೆ, ಮುಂದಿನ ರಸ್ತೆ.

ಉಪಕರಣ ಇಲ್ಲ ಅನ್ನೋ ಹಾಗಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ನಗರದ ತುಂಬ ಮಳೆಮಾಪಕ ಇಟ್ಟಿದೆ. ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯೋ ಸೆನ್ಸರ್‌ಗಳಿವೆ. ಮೇಘಸಂದೇಶ ಅನ್ನೋ ಆ್ಯಪ್ ಇದೆ. ನಮ್ಮ ಕೆಲಸದಲ್ಲಿ ಒಂದು ನಿಯಮ ಇದೆ: ಸರ್ವರ್ ಬಿದ್ದಾಗ ಬರೋ ಅಲರ್ಟ್‌ಗೆ ಒಬ್ಬ ವಾರಸುದಾರ ಇರಬೇಕು, ಅವನು ಮಾಡಬೇಕಾದ ಕೆಲಸ ಮೊದಲೇ ಬರೆದಿಟ್ಟಿರಬೇಕು. ಇಲ್ಲದಿದ್ದರೆ ಅದು ಬರೀ ಗದ್ದಲ, ನಾಲ್ಕು ದಿನಕ್ಕೆ ಎಲ್ಲರೂ ಮ್ಯೂಟ್ ಮಾಡ್ತಾರೆ. ಆನ್‌ಲೈನ್ ಅಂಗಡಿಗೆ ಸಿಗೋ ಈ ಕಾಳಜಿ ಮನುಷ್ಯರ ಜೀವಕ್ಕೆ ಯಾಕಿಲ್ಲ?

"ಅನಿರೀಕ್ಷಿತ ಮಳೆ" ಅನ್ನೋ ಸಬೂಬು ಇನ್ನು ಸಾಕು. 2022ರ ಸೆಪ್ಟೆಂಬರಿನಲ್ಲಿ ಒಂದೇ ದಿನ 131.6 ಮಿ.ಮೀ. ಬಿತ್ತು. 2024ರ ಜೂನ್ 2ರಂದು 111.1 ಮಿ.ಮೀ. ಬಿದ್ದು 1891ರ ಜೂನ್ ದಾಖಲೆ ಮುರಿಯಿತು. ಎರಡು ವರ್ಷದೊಳಗೆ ಮತ್ತೆ ಬಂದದ್ದನ್ನ ಅನಿರೀಕ್ಷಿತ ಅನ್ನೋದು ಹೇಗೆ?

ಬೇಕಿರೋದು ಇಷ್ಟೇ. ಪ್ರತಿ ಅಂಡರ್‌ಪಾಸಿನ ಗೋಡೆ ಮೇಲೆ ದೂರಕ್ಕೆ ಕಾಣೋ ಅಡಿ ಗುರುತು. ಬಾಯಲ್ಲಿ ರೈಲ್ವೆ ಗೇಟಿನಂಥ, ಕೆಲಸ ಮಾಡೋ ಗೇಟು. ನೀರು ಅರ್ಧ ಅಡಿ ಮುಟ್ಟಿದ ಕೂಡಲೇ ಅದನ್ನ ಇಳಿಸೋ ಅಧಿಕಾರ ಅಲ್ಲೇ ನಿಂತ ಟ್ರಾಫಿಕ್ ಪೊಲೀಸರಿಗೆ. ಮೇಲಿನವರ ಫೋನಿಗೆ ಅವರು ಕಾಯೋ ಹಾಗಾಗಬಾರದು. ಟ್ರಾಫಿಕ್ ಜಾಮ್ ಆಗುತ್ತೆ ಅಂತೀರಾ? ಆಗಲಿ. ಜಾಮ್‌ನಲ್ಲಿ ಸಿಕ್ಕಿಕೊಂಡವರು ತಡವಾದರೂ ಮನೆ ಸೇರ್ತಾರೆ.

ಅಲ್ಲಿಯವರೆಗೆ ನಮ್ಮ ಜೀವ ನಾವೇ ನೋಡ್ಕೋಬೇಕು. ಒಂದು ಅಡಿ ನೀರಿಗೆ ಸಣ್ಣ ಕಾರು ತೇಲೋಕೆ ಶುರುವಾಗುತ್ತೆ, ಎರಡು ಅಡಿ ಹರಿಯೋ ನೀರು ಹೆಚ್ಚಿನ ವಾಹನಗಳನ್ನ ಎಳ್ಕೊಂಡು ಹೋಗುತ್ತೆ. ತಳ ಕಾಣದ ನೀರಿಗೆ ಗಾಡಿ ಇಳಿಸಬೇಡಿ. ನೀರಲ್ಲಿ ಕಾರು ನಿಂತರೆ ಸ್ಟಾರ್ಟ್ ಮಾಡ್ತಾ ಕೂರಬೇಡಿ. ಕೂಡಲೇ ಕಿಟಕಿ ಇಳಿಸಿ ಹೊರಗೆ ಬನ್ನಿ. ನೀರು ಹೊರಗಿಂದ ಒತ್ತೋಕೆ ಶುರುವಾದ ಮೇಲೆ ಬಾಗಿಲು ತೆಗೆಯೋದು ಕಷ್ಟ. ಮಲ್ಲೇಶ್ವರದ ಮರಗಳು ಎಷ್ಟೇ ಚೆಂದ ಇರಲಿ, ಗಾಳಿಮಳೆಯಲ್ಲಿ ಅವುಗಳ ಕೆಳಗೆ, ಕರೆಂಟ್ ಕಂಬದ ಪಕ್ಕ ನಿಲ್ಲಬೇಡಿ.

ಇನ್ನು ಪಾಲಿಕೆ ಚುನಾವಣೆಗೆ ವೋಟು ಕೇಳೋಕೆ ಬಂದವರನ್ನ ಒಂದೇ ಪ್ರಶ್ನೆ ಕೇಳಿ: ಮಳೆ ಬಂದಾಗ ನಮ್ಮ ಅಂಡರ್‌ಪಾಸಿನ ಗೇಟು ಯಾರು ಇಳಿಸ್ತಾರೆ? ಉತ್ತರದಲ್ಲಿ "ಸಂಬಂಧಪಟ್ಟ ಅಧಿಕಾರಿಗಳು" ಅಂತ ಬಂದರೆ ಒಪ್ಪಬೇಡಿ. ಹೆಸರು ಹೇಳಲಿ.