ಎಷ್ಟು ಪರ್ಸೆಂಟ್ ಬಂತು?

ಪಿಎಚ್‌.ಡಿ. ಪ್ರಬಂಧ ಸಲ್ಲಿಸುವ ದಿನಗಳಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯದ ಬಾಗಿಲಲ್ಲಿ ಕಿವಿಗೆ ಬೀಳುವ ಪ್ರಶ್ನೆ ಒಂದೇ: ‘ಎಷ್ಟು ಪರ್ಸೆಂಟ್ ಬಂತು?’ ಯಾರ ಮಾತು, ಯಾವ ಪುಸ್ತಕ, ಎಷ್ಟನೇ ಪುಟ ಎಂಬುದನ್ನು ಯಾರೂ ಕೇಳುವುದಿಲ್ಲ. ಕೃತಿಚೌರ್ಯ ತಡೆಯುವ ಯುಜಿಸಿಯ 2018ರ ನಿಯಮಾವಳಿಯ ಪ್ರಕಾರ, ಬೇರೆ ಬರಹಗಳೊಂದಿಗೆ ತಂತ್ರಾಂಶ ತೋರಿಸುವ ಹೋಲಿಕೆ ಶೇ 10ರೊಳಗಿದ್ದರೆ ದಂಡವಿಲ್ಲ. ಶೇ 40ರವರೆಗೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. ಶೇ 60ರವರೆಗಾದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಮೊದಲ ಹತ್ತನ್ನು ವಿನಾಯಿತಿ ಎಂದು ಓದಬೇಕಿತ್ತು. ವಿದ್ಯಾರ್ಥಿಗಳು ಪಡಿತರ ಎಂದು ಓದಿಕೊಂಡರು.

ಹದಿನೆಂಟು ಬಂದದ್ದನ್ನು ಒಂಬತ್ತಕ್ಕೆ ಇಳಿಸುವುದು ಈಗ ಒಂದು ಕಸುಬು. ‘ಹೇಳಿದ್ದಾರೆ’ ಇದ್ದಲ್ಲಿ ‘ಅಭಿಪ್ರಾಯಪಟ್ಟಿದ್ದಾರೆ’, ‘ಮುಖ್ಯ’ ಇದ್ದಲ್ಲಿ ‘ಪ್ರಮುಖ’. ವಾಕ್ಯದ ಬಾಲ ತಲೆಗೆ, ತಲೆ ಬಾಲಕ್ಕೆ. ವಿಚಾರ ಹಾಗೇ ಉಳಿಯುತ್ತದೆ, ಅದರ ಒಡೆಯನ ಹೆಸರು ಮಾತ್ರ ಬಿದ್ದುಹೋಗುತ್ತದೆ. ಉದ್ಧರಿಸಿ ಮೂಲ ಹೇಳಿದ ಭಾಗವನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಅದೇ ನಿಯಮಾವಳಿ ಹೇಳುತ್ತದೆ. ಒಂದು ಜೋಡಿ ಉದ್ಧರಣ ಚಿಹ್ನೆ, ಒಂದು ಅಡಿಟಿಪ್ಪಣಿಯಲ್ಲಿ ಮುಗಿಯುವ ಕೆಲಸಕ್ಕೆ ರಾತ್ರಿಯಿಡೀ ಸಮಾನಾರ್ಥಕ ಪದ ಹುಡುಕುತ್ತಾರೆ. ಕದಿಯಲು ಪಡುವ ಶ್ರಮ ಕಡಿಮೆಯದಲ್ಲ.

ಕನ್ನಡದ ಪ್ರಬಂಧಗಳಿಗೆ ಅಷ್ಟು ಶ್ರಮವೂ ಬೇಕಿಲ್ಲ. ತಂತ್ರಾಂಶ ತನ್ನ ಭಂಡಾರದಲ್ಲಿ ಇರುವುದರ ಜೊತೆಗಷ್ಟೇ ಹೋಲಿಸಿ ನೋಡಬಲ್ಲದು. ನಲವತ್ತು ವರ್ಷದ ಹಿಂದಿನ ಅಭಿನಂದನ ಗ್ರಂಥ, ತಾಲ್ಲೂಕು ಸಮ್ಮೇಳನದ ಸ್ಮರಣ ಸಂಚಿಕೆ, ನಿಂತುಹೋದ ಸಂಶೋಧನ ಪತ್ರಿಕೆ ಇವುಗಳಲ್ಲಿ ಬಹುಪಾಲು ಕಪಾಟಿನಲ್ಲಿವೆ, ಕಂಪ್ಯೂಟರಿನಲ್ಲಿಲ್ಲ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದ ಅಧ್ಯಾಯ ಯೂನಿಕೋಡ್‌ಗೆ ಬಾರದಿದ್ದರೆ ಯಂತ್ರದ ಪಾಲಿಗೆ ಅದು ಕನ್ನಡವೇ ಅಲ್ಲ, ರೋಮನ್ ಅಕ್ಷರಗಳ ಕಲಸುಮೇಲೋಗರ. ಇಂಗ್ಲಿಷಿನಿಂದ ಸದ್ದಿಲ್ಲದೆ ಅನುವಾದಿಸಿ ತಂದದ್ದು ಪದಕ್ಕೆ ಪದ ಹೋಲಿಸುವ ಕಣ್ಣಿಗೆ ಬೀಳುವುದು ಕಷ್ಟ. ಹೀಗಿರುವಾಗ ‘ಶೇ 2’ ಎಂಬ ಪ್ರಮಾಣಪತ್ರ ವಿದ್ಯಾರ್ಥಿಯ ಪ್ರಾಮಾಣಿಕತೆಗೆ ಸಾಕ್ಷಿಯೋ ಯಂತ್ರದ ಕುರುಡುತನಕ್ಕೆ ಸಾಕ್ಷಿಯೋ ಹೇಳುವುದು ಹೇಗೆ? ಇನ್ನು ಅಡಿಟಿಪ್ಪಣಿಯನ್ನೇ ಕದಿಯುವವರ ವಿಷಯ. ಮೂಲಗ್ರಂಥ ತೆರೆದೇ ಇರುವುದಿಲ್ಲ. ಹಿಂದಿನವರ ಪ್ರಬಂಧದಿಂದ ಉಲ್ಲೇಖವನ್ನು ಎತ್ತಿಕೊಂಡು, ಅಲ್ಲಿ ತಪ್ಪಾಗಿ ಅಚ್ಚಾದ ಪುಟಸಂಖ್ಯೆಯನ್ನೂ ಭಕ್ತಿಯಿಂದ ಉಳಿಸಿಕೊಂಡಿರುತ್ತಾರೆ. ಉಲ್ಲೇಖಗಳು, ಗ್ರಂಥಸೂಚಿ ಹೋಲಿಕೆಯ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಈ ಕಳವಿಗೆ ಯಾವ ವರದಿಯಲ್ಲೂ ಅಂಕಿ ಇಲ್ಲ.

ಇದನ್ನು ಹಿಡಿಯಬಲ್ಲವರು ಆ ಪುಸ್ತಕಗಳನ್ನು ಓದಿರುವ ಮಾರ್ಗದರ್ಶಕರು ಮತ್ತು ಪರೀಕ್ಷಕರು ಮಾತ್ರ. ಅವರಲ್ಲಿ ಹಲವರು ಪ್ರಮಾಣಪತ್ರ ಬಂದ ಮೇಲೆ ನಿಶ್ಚಿಂತರಾಗಿದ್ದಾರೆ. ಅವರಲ್ಲಿ ಒಂದು ವಿನಂತಿ: ಮುಂದಿನ ಮೌಖಿಕ ಪರೀಕ್ಷೆಯಲ್ಲಿ ಯಾವುದಾದರೂ ಒಂದು ಅಡಿಟಿಪ್ಪಣಿಯ ಮೇಲೆ ಬೆರಳಿಟ್ಟು, ಆ ಪುಸ್ತಕ ತರಿಸಿ, ಆ ಪುಟ ತೆಗೆಯಲು ಹೇಳಿ.