ಬೀರುವಿನೊಳಗೆ ಬೀಗ ಹಾಕಿದ ಟ್ರಂಪೆಟ್ಟು

ಅಪರೂಪದ ಹಳೇ ರೆಕಾರ್ಡು ಸಂಗ್ರಹಿಸೋರಲ್ಲಿ ಕೆಲವರಿಗೆ ಒಂದು ಹೆಮ್ಮೆಯಿದೆ: "ನನ್ನ ಹತ್ರ ಮಾತ್ರ ಇದೆ, ಯಾರಿಗೂ ಕೇಳಿಸಿಲ್ಲ." ಇದು ಹೆಮ್ಮೆಯಲ್ಲ ಸ್ವಾಮಿ, ಜಿಪುಣತನ.

1923ರಲ್ಲಿ ಅಮೆರಿಕದ ರಿಚ್ಮಂಡ್ ಅನ್ನೋ ಊರಲ್ಲಿ ಕಿಂಗ್ ಆಲಿವರ್ ತಂಡ ಜೆನೆಟ್ ಕಂಪನಿಗಾಗಿ ನುಡಿಸಿತು. ಮೈಕಿಲ್ಲ, ದೊಡ್ಡ ಕೊಳವೆಯೊಂದರ ಮುಂದೆ ನಿಂತು ಊದಬೇಕು. ಪಕ್ಕದಲ್ಲೇ ರೈಲು ಹಳಿ. ರೈಲು ಬಂದರೆ ಕೆಲಸ ಬಂದ್. ಟ್ರಂಪೆಟ್ಟಿನ ಒಡಹುಟ್ಟು ಕಾರ್ನೆಟ್ಟನ್ನು ಆಲಿವರ್ ಜೊತೆ ಊದುತ್ತಿದ್ದ ಹುಡುಗ ಲೂಯಿ ಆರ್ಮ್‌ಸ್ಟ್ರಾಂಗ್. ಆ ವರ್ಷದ 'ಝೂಲೂಸ್ ಬಾಲ್' ರೆಕಾರ್ಡಿನದು ಗೊತ್ತಿರೋ ಮಟ್ಟಿಗೆ ಒಂದೇ ಒಂದು ಪ್ರತಿ ಉಳಿದಿದೆ. ಆದರೂ ಬೆಂಗಳೂರಿನ ಬಾಡಿಗೆ ಮನೇಲಿ ಕೂತು ನಾನದನ್ನು ಕೇಳಿದ್ದೀನಿ. ಯಾಕೆ? ಆ ಒಂದು ಪ್ರತಿಯಿಂದ ನಕಲು ತೆಗೆಯೋಕೆ ಬಿಟ್ಟರು, ಅಷ್ಟೇ.

ಸಂಗ್ರಾಹಕರು ಇಲ್ಲದಿದ್ದರೆ ಇವು ಉಳೀತಾನೇ ಇರಲಿಲ್ಲ ಅಂತೀರಾ? ಒಪ್ಪಿದೆ. ಈ ರೆಕಾರ್ಡುಗಳ ಶೆಲಾಕ್ ತಯಾರಾಗೋದು ಅರಗಿನಿಂದ, ಅದು ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ದೇಶದಿಂದ. ಎರಡನೇ ಮಹಾಯುದ್ಧದಲ್ಲಿ ಅರಗಿಗೆ ಬರ ಬಂದು, 1942ರಲ್ಲಿ ಅಮೆರಿಕ ಸರ್ಕಾರ ರೆಕಾರ್ಡು ಕಂಪನಿಗಳಿಗೆ ಕೊಡೋದನ್ನೇ ಕಡಿತ ಮಾಡಿತು. ಹಳೇ ರೆಕಾರ್ಡುಗಳನ್ನು ಒಟ್ಟುಮಾಡಿ ಪುಡಿ ಮಾಡಿ ಹೊಸದಕ್ಕೆ ಬಳಸಿದರು. ಅಂಥ ಕಾಲ ದಾಟಿ ಬಂದದ್ದನ್ನು ಅಟ್ಟ ಹುಡುಕಿ ಕಾಪಾಡಿದವರಿಗೆ ನಾವು ಋಣಿಗಳೇ.

ಆದರೆ ಕಾಪಾಡೋದು ಬೇರೆ, ಬಚ್ಚಿಡೋದು ಬೇರೆ. ಶೆಲಾಕ್ ಕೈಜಾರಿದರೆ ಮಡಕೆ ಥರ ಒಡೆಯುತ್ತೆ. ನನ್ನ ಕಸುಬಿನಲ್ಲಿ ಬ್ಯಾಕಪ್ ಇಲ್ಲದ್ದನ್ನು ಇದೆ ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ಹಳ್ಳಿಯಲ್ಲಿ ಇದನ್ನು ಕಲಿಸೋಕೆ ಕಂಪ್ಯೂಟರ್ ಬೇಕಿರಲಿಲ್ಲ: ಒಳ್ಳೇ ಅವರೆ ಬೀಜವನ್ನು ನಾಲ್ಕು ಮನೆಗೆ ಹಂಚುತ್ತಿದ್ದರು. ನಮ್ಮದು ಹುಳ ಹಿಡಿದರೂ ಪಕ್ಕದ ಮನೇಲಿ ಇರುತ್ತಿತ್ತು. ಹಂಚಿದ್ದರಿಂದ ಯಾರ ಕಣಜವೂ ಬರಿದಾಗಲಿಲ್ಲ.

ನಕಲು ತೆಗೆದರೆ ಬೆಲೆ ಬೀಳುತ್ತೆ ಅನ್ನೋದೂ ಕುಂಟುನೆಪ. ಹರಾಜಿನಲ್ಲಿ ದುಡ್ಡು ಸುರಿಯೋರು ಕೊಳ್ಳೋದು ತಟ್ಟೆಯನ್ನು. ಅದು ನಿಮ್ಮದೇ, ಇಟ್ಟುಕೊಳ್ಳಿ. ಕಾನೂನಿನ ನೆಪವೂ ಇಲ್ಲ. 1923ರ ಧ್ವನಿಮುದ್ರಣಗಳು 2024ರ ಜನವರಿ 1ರಿಂದ ಅಮೆರಿಕದಲ್ಲೇ ಸಾರ್ವಜನಿಕ ಸ್ವತ್ತು.

ನ್ಯೂ ಆರ್ಲಿಯನ್ಸ್‌ನ ಬಡ್ಡಿ ಬೋಲ್ಡನ್ ಜಾಝ್‌ನ ಮೊದಲಿಗರಲ್ಲೊಬ್ಬ. ಅವನ ಕಾರ್ನೆಟ್ಟಿನ ಒಂದು ಉಸಿರೂ ನಮಗೆ ಸಿಕ್ಕಿಲ್ಲ; ಕೇಳಿದವರ ಮಾತಷ್ಟೇ ಉಳಿದಿದೆ. ಅದಕ್ಕೆ ಯಾರನ್ನೂ ದೂರೋಕಾಗಲ್ಲ. ಆದರೆ ಬೀರುವಿನಲ್ಲಿದ್ದೂ ಕಳೆದುಹೋಗೋದಕ್ಕೆ ದೂರಬಹುದು. ರೆಕಾರ್ಡು ನಿಮ್ಮ ಹತ್ರಾನೇ ಇರಲಿ, ಒಂದು ನಕಲು ಗ್ರಂಥಾಲಯಕ್ಕೆ ಕೊಡಿ. ಅದೂ ಈ ವರ್ಷವೇ.